ಏನು ತಂದಿ? ಕೇಳಿಸಪಾ!

ದೇಶನೂರಿನಂಥ ಊರಲ್ಲಿದ್ದುಕೊಂಡು ಒಳ್ಳೆಯ ಹೆಡ್‌ಫೋನ್ ಕೊಳ್ಳಬೇಕೆಂದರೆ ದುಡ್ಡು ಹೊಂದಿಸುವುದು ಎರಡನೆಯ ಮಾತು. ಅದನ್ನು ಕಿವಿಗಿಟ್ಟು ನೋಡುವುದು ಎಲ್ಲಿ ಎಂಬುದೇ ಮೊದಲ ಮಾತು. ಅಕ್ಕಿಯನ್ನು ಅಂಗೈ ಮೇಲೆ ಹಾಕಿಕೊಂಡು, ಕಾಳು ಕಚ್ಚಿ ನೋಡಿ ಕೊಳ್ಳುವ ಜನ ನಾವು. ಹಾಡು ಕೇಳುವ ಸಾಮಾನನ್ನು ಮಾತ್ರ ಫೋನಿನಲ್ಲಿ ಫೋಟೊ ನೋಡಿ, ಸ್ಟಾರು ಎಣಿಸಿ ತರಿಸಿಕೊಳ್ಳುತ್ತೇವೆ. ಸಿರುಗುಪ್ಪದ ಅಂಗಡಿಗಳಲ್ಲಿ ಸಿಗುವುದು ಸೀಲು ಹಾಕಿದ ಡಬ್ಬಿ. ಸುಮಾರು 55 ಕಿಲೋಮೀಟರ್ ದೂರದ ಬಳ್ಳಾರಿಗೆ ಹೋಗಿ ಬೆಂಗಳೂರು ರಸ್ತೆಯಲ್ಲಿ ಅಡ್ಡಾಡಿದರೂ ಮೊಬೈಲ್ ಜೊತೆ ಮಾರುವ ಇಯರ್‌ಬಡ್ಸ್, ಟಿ.ವಿ. ಜೊತೆ ಮಾರುವ ಸೌಂಡ್‌ಬಾರ್ ಇವೇ ಹೆಚ್ಚು. 'ಅರ್ಧ ಗಂಟೆ ಕೂತು ನಿಮ್ಮ ಹಾಡು ನೀವು ಕೇಳಿ ನೋಡ್ರಿ' ಎನ್ನುವ ಅಂಗಡಿ ಅಪರೂಪ.

ಹೀಗಾಗಿ ನಮ್ಮ ಕಡೆ ಹಾಡಿನ ಹುಚ್ಚು ಹತ್ತಿದವರಿಗೆ ಗೆಳೆಯರ ಮನೆಯೇ ಷೋರೂಮು. ನನ್ನ ಮನೆ ದೇಶನೂರಲ್ಲಿ. ಸಿರುಗುಪ್ಪದಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುವುದು ನನ್ನ ಕಸುಬು. ಯಾರು ಏನು ತರಿಸಿದರೂ ಅದು ಒಂದಲ್ಲ ಒಂದು ದಿನ ನಮ್ಮ ಗೆಳೆಯರ ಕೂಟಕ್ಕೆ ಬರುತ್ತದೆ. ಡಬ್ಬಿ ಬಿಚ್ಚುವಷ್ಟರಲ್ಲಿ ನಾಲ್ಕು ಜನ ಸೇರಿರುತ್ತಾರೆ. 'ಏನು ತಂದಿ? ಕೇಳಿಸಪಾ!' ಎಂಬುದೇ ನಮ್ಮಲ್ಲಿ ಸ್ವಾಗತದ ಮಾತು. ಹೊಸ ಸಾಮಾನು ಕೊಂಡವರು ಅದನ್ನು ನಾಲ್ಕು ಜನರ ಮುಂದೆ ಇಡುವುದನ್ನು ಕೆಲವರು ದೊಡ್ಡಸ್ತಿಕೆ ಎಂದುಕೊಳ್ಳುತ್ತಾರೆ. ನನ್ನ ಅನುಭವ ಬೇರೆ. ಒಬ್ಬನ ಖರೀದಿಯನ್ನು ಹತ್ತು ಕಿವಿ ಕೇಳಿದರೆ, ಕೊಳ್ಳಲಾಗದವನಿಗೂ ಒಂದು ತಿಳಿವಳಿಕೆ ಸಿಗುತ್ತದೆ, ಕೊಳ್ಳಲಿರುವವನ ದುಡ್ಡು ಉಳಿಯುತ್ತದೆ. ಆ ಕೇಳುವಿಕೆಯನ್ನು ಚೆನ್ನಾಗಿ ಮಾಡುವುದು ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ಕಲ್ಲಿನಿಂದ 4440ರವರೆಗೆ

ನಾದಕ್ಕೆ ಕಿವಿಗೊಡುವ ಚಟ ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದಲ್ಲಿ ಕಪ್ಪು ಡಾಲರೈಟ್ ಬಂಡೆಗಳಿವೆ. ಅವುಗಳಲ್ಲಿ ಕೆಲವನ್ನು ಗ್ರಾನೈಟ್ ಕಲ್ಲಿನಿಂದ ಬಡಿದರೆ ಜಾಗಟೆಯ ಹಾಗೆ ಮೊಳಗುತ್ತವೆ. ಬಡಿದು ಬಡಿದು ಬಿದ್ದ ಗುಳಿಗಳು ಅವುಗಳ ಮೈಮೇಲೆ ಇಂದಿಗೂ ಕಾಣುತ್ತವೆ. ಅಲ್ಲಿನ ಬಂಡೆಚಿತ್ರಗಳ ಬಗ್ಗೆ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ 1892ರಲ್ಲೇ ಬರೆದಿದ್ದ. 2004ರಲ್ಲಿ ನಿಕೋಲ್ ಬೋವಿನ್ ಎಂಬ ಪುರಾತತ್ವಜ್ಞೆ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ, ನವಶಿಲಾಯುಗದ ಜನ ಇಲ್ಲಿ ಚಿತ್ರ ಕೊರೆಯುತ್ತಿದ್ದುದರ ಜೊತೆಗೆ ಬಂಡೆಗಳನ್ನು ನುಡಿಸುತ್ತಲೂ ಇದ್ದಿರಬೇಕು ಎಂದು ವಿವರವಾಗಿ ಬರೆದರು. ಯಾವ ಕಲ್ಲು ಮೊಳಗುತ್ತದೆ, ಯಾವುದು ಮಂಕಾಗಿ ಠಪ್ ಎನ್ನುತ್ತದೆ ಎಂದು ಗುಡ್ಡದ ತುಂಬ ಬಡಿದು ನೋಡಿ ಆರಿಸಿದವರು ನಮ್ಮ ಸೀಮೆಯ ಮೊದಲ ಆಡಿಯೊ ಹವ್ಯಾಸಿಗಳು ಎಂದು ನಾನು ನಂಬಿದ್ದೇನೆ. ಗಣಿಗಾರಿಕೆಯಿಂದ ಆ ಗುಡ್ಡಕ್ಕೆ ಒದಗಿದ ಅಪಾಯವನ್ನು ಸಂಶೋಧಕರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಅದು ಉಳಿಯಬೇಕು.

ನನ್ನ ತಲೆಮಾರಿನವರ ಕಿವಿ ಬೆಳೆದದ್ದು ಗುಡಿಯ ಮೇಲಿನ ಹಾರ್ನ್ ಸ್ಪೀಕರಿನಲ್ಲಿ, ಬಯಲಾಟದ ಅಟ್ಟದ ಮುಂದೆ ಮತ್ತು ರೇಡಿಯೊದಲ್ಲಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ, ಆಮೇಲೆ 1966ರಲ್ಲಿ ಬಂದ ಕಲಬುರಗಿ ಕೇಂದ್ರ, ಮುಂದೆ ಹೊಸಪೇಟೆ ಕೇಂದ್ರ ಇವು ನಮ್ಮ ಭಾಗಕ್ಕೆ ಹಾಡು ತಂದವು. ಆಮೇಲೆ ಕ್ಯಾಸೆಟ್ಟು ಬಂತು. 1987ರಲ್ಲಿ 'ಪ್ರೇಮಲೋಕ' ಬಂದಾಗ ಹೋಟೆಲ್ಲು, ಕಟಿಂಗ್ ಷಾಪು, ಲಾರಿ ಎಲ್ಲ ಕಡೆ ಹಂಸಲೇಖರ ಹಾಡುಗಳೇ. ಆಗ ಹುಡುಗರು ನಮ್ಮಂಥ ರಿಪೇರಿಯವರ ಕೈಲಿ ಆಂಪ್ಲಿಫೈಯರ್ ಅಸೆಂಬಲ್ ಮಾಡಿಸುತ್ತಿದ್ದರು. ಅದರ ಎದೆಗುಂಡಿಗೆ '4440 ಐಸಿ'. ಜಪಾನಿನ ಸ್ಯಾನ್ಯೊ ಕಂಪನಿ ಕಾರ್ ಸ್ಟೀರಿಯೊಗೆಂದು ಮಾಡಿದ ಈ ಪುಟ್ಟ ಚಿಪ್ಪು ಎರಡು ಚಾನೆಲ್‌ಗೆ ಆರಾರು ವ್ಯಾಟ್ ಕೊಡುತ್ತಿತ್ತು, ಸೇರಿಸಿ ಕಟ್ಟಿದರೆ 19 ವ್ಯಾಟ್. ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಒಂದಿಷ್ಟು ಕೆಪ್ಯಾಸಿಟರು, ಬಡಿಗೇರರು ಮಾಡಿಕೊಟ್ಟ ಪ್ಲೈವುಡ್ ಡಬ್ಬಿ ಇಷ್ಟರಲ್ಲಿ ಒಂದು ಓಣಿಗೆ ಸಾಕಾಗುವ ಹಾಡು ತಯಾರಾಗುತ್ತಿತ್ತು. ಆಗಲೂ ಹೊಸ ಸೆಟ್ಟು ಮಾಡಿಸಿದವನು ಮೊದಲು ಗೆಳೆಯರನ್ನೇ ಕರೆಯುತ್ತಿದ್ದ.

ಇತ್ತೀಚೆಗೆ ಬಂದವು

ನಮ್ಮ ಕೂಟಕ್ಕೆ ಈಚೆಗೆ ಬಂದ ಕೆಲವು ಸಾಮಾನುಗಳನ್ನೇ ಇಟ್ಟುಕೊಂಡು, ಪೇಟೆಯಲ್ಲಿರುವ ಬಗೆಗಳನ್ನು ಹೇಳುತ್ತೇನೆ.

ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗೆಳೆಯ ಬಹಳ ಕಾಲ ದುಡ್ಡು ಕೂಡಿಸಿ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ತರಿಸಿದ. 1997ರಲ್ಲಿ ಬಂದು ಇಂದಿಗೂ ಮಾರಾಟವಾಗುತ್ತಿರುವ ಮಾದರಿ ಅದು. ಅದರ ಬೆನ್ನು ತೆರೆದಿರುತ್ತದೆ, ಎಂದರೆ ಕಿವಿಯ ಹೊರಮಗ್ಗುಲಿಗೆ ಬರೀ ಜಾಲರಿ. ಇದೇ ಜರ್ಮನ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಮಾದರಿಯಿಂದ ಈ ತೆರೆದ ಬೆನ್ನಿನ ಪದ್ಧತಿಯನ್ನು ಪೇಟೆಗೆ ತಂದದ್ದು. ಹೀಗೆ ಮಾಡುವುದರಿಂದ ದನಿ ಡಬ್ಬಿಯೊಳಗೆ ಕೂಡಿ ಗುಂಯ್‌ಗುಡುವುದಿಲ್ಲ. ಹಾಡುವವರು ತಲೆಯೊಳಗೆ ಕೂತಿಲ್ಲ, ಆಚೆ ಎಲ್ಲೋ ಕೂತಿದ್ದಾರೆ ಅನ್ನಿಸುತ್ತದೆ. ಆದರೆ ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ, ನೀವು ಕೇಳುವುದು ಪಕ್ಕದವರಿಗೂ ಕೇಳುತ್ತದೆ. ಬಸ್ಸಿಗೆ, ಗಿರಣಿಗೆ ಇದು ನಡೆಯದು. ರಾತ್ರಿ ಮನೆಯಲ್ಲಿ ಒಬ್ಬರೇ ಕೂತು ಕೇಳಲು ಇದಕ್ಕೆ ಸರಿಗಟ್ಟುವಂಥದ್ದು ಕಡಿಮೆ. ಅದರ ಇಂಪೀಡೆನ್ಸ್ 300 ಓಮ್. ಬರೀ ಫೋನಿಗೆ ಸಿಕ್ಕಿಸಿದಾಗ ದನಿ ಸಣ್ಣಗೆ ಬಂತು. ಸಣ್ಣದೊಂದು ಹೆಡ್‌ಫೋನ್ ಆಂಪ್ಲಿಫೈಯರ್ ನಡುವೆ ಇಟ್ಟ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣದಲ್ಲಿ ಅವರು ಉಸಿರು ತೆಗೆದುಕೊಳ್ಳುವುದು, ಹಿಂದೆ ತಂಬೂರಿಯ ತಂತಿ ಒಂದೊಂದಾಗಿ ಮೀಟುವುದು ಬಿಡಿಬಿಡಿಯಾಗಿ ಕೇಳಿಸಿತು. ಗಿರಣಿಯ ಗೆಳೆಯ ಒಂದು ಮಾತೂ ಆಡದೆ ಆ ಹಾಡನ್ನು ಮತ್ತೊಮ್ಮೆ ಮೊದಲಿನಿಂದ ಹಚ್ಚಿದ.

ಡಿಗ್ರಿ ಕಾಲೇಜಿನ ಹುಡುಗನೊಬ್ಬ ಸಾವಿರದ ಆಸುಪಾಸಿನ ಚೀನಾ ಇಯರ್‌ಫೋನ್ ತಂದ, ಕೆಜಡ್ ಕಂಪನಿಯದು. ವೈರಿನದು, ಕಿವಿಯ ನಾಳದೊಳಗೆ ಕೂರುವಂಥದ್ದು. ಈ ಬೆಲೆಗೆ ಇಂಥ ದನಿ ಹದಿನೈದು ವರ್ಷದ ಹಿಂದೆ ಕನಸಿನ ಮಾತಾಗಿತ್ತು. ಆದರೂ ಅವನಿಗೆ ಅಸಮಾಧಾನ. 'ಬೇಸೇ ಇಲ್ಲಣ್ಣ, ವಾಪಸ್ ಕಳಿಸ್ತೀನಿ' ಅಂದ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ತುದಿಗಳಿದ್ದವು. ಮೊದಲೇ ಹಾಕಿ ಬಂದದ್ದನ್ನು ತೆಗೆದು ದೊಡ್ಡದನ್ನು ಹಾಕಿಕೊಳ್ಳಲು ಹೇಳಿದೆ. ಬೇಸ್ ಬಂತು. ಕಿವಿಯ ನಾಳ ಗಾಳಿಯಾಡದಂತೆ ಮುಚ್ಚಿದರೆ ಮಾತ್ರ ಇಷ್ಟು ಸಣ್ಣ ಪರದೆ ತಗ್ಗಿನ ಸ್ವರಗಳನ್ನು ಕೊಡಬಲ್ಲದು. ಎಳೆಯಷ್ಟು ಸಂದು ಉಳಿದರೂ ಬೇಸ್ ಸೋರಿಹೋಗುತ್ತದೆ. ಇಯರ್‌ಫೋನ್ ಸರಿಯಿಲ್ಲ ಎಂದು ವಾಪಸ್ ಕಳಿಸುವ ಮುನ್ನ ಮೂರೂ ಅಳತೆಯ ತುದಿಗಳನ್ನು ಹಾಕಿ ನೋಡಿ. ಎಡ ಕಿವಿಗೊಂದು ಅಳತೆ, ಬಲ ಕಿವಿಗೊಂದು ಅಳತೆ ಬೇಕಾಗುವುದೂ ಉಂಟು.

ಪ್ರೈಮರಿ ಶಾಲೆಯ ಟೀಚರೊಬ್ಬರು, ನಮಗೆಲ್ಲ ಅವರು ಅಕ್ಕ, ಒಂದು ಜೊತೆ ಬುಕ್‌ಷೆಲ್ಫ್ ಸ್ಪೀಕರ್ ತರಿಸಿದರು. ಆಂಪ್ಲಿಫೈಯರ್ ಒಳಗೇ ಇರುವ ಬಗೆಯದು. ಪ್ರತಿ ಡಬ್ಬಿಯಲ್ಲೂ ಕೆಳಗೆ ವೂಫರ್, ಮೇಲೆ ಟ್ವೀಟರ್. ತಗ್ಗಿನ ಸ್ವರಕ್ಕೆ ದೊಡ್ಡ ಕೋನು, ಏರಿನ ಸ್ವರಕ್ಕೆ ಚಿಕ್ಕ ಗುಮ್ಮಟ, ಯಾವುದು ಯಾರಿಗೆ ಹೋಗಬೇಕೆಂದು ಪಾಲು ಮಾಡಲು ನಡುವೆ ಕ್ರಾಸ್‌ಓವರ್. ಅಕ್ಕ ಅವನ್ನು ಟಿ.ವಿ. ಸ್ಟ್ಯಾಂಡಿನ ಮೇಲೆ ಅಕ್ಕಪಕ್ಕ ಅಂಟಿಸಿ ಇಟ್ಟಿದ್ದರು. ಎರಡನ್ನೂ ಆರಡಿ ದೂರ ಸರಿಸಿ, ಕೂರುವ ಕುರ್ಚಿಯಿಂದಲೂ ಅಷ್ಟೇ ದೂರವಿಟ್ಟು, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಕೆಳಗೆ ಇಟ್ಟಿಗೆ ಕೊಟ್ಟೆವು. ಹಾಡುವವರು ನಟ್ಟನಡುವೆ, ತಬಲಾ ಒಂದು ಮಗ್ಗುಲಿಗೆ, ಹಾರ್ಮೋನಿಯಂ ಇನ್ನೊಂದು ಮಗ್ಗುಲಿಗೆ ಬಂದು ಕೂತರು. ಸ್ಟೀರಿಯೊ ಎಂದರೆ ಇದೇ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಈ ವಿದ್ಯೆಗೆ ಬೇಕಾದದ್ದು ಎರಡು ಕಿವಿ, ಎರಡು ಸ್ಪೀಕರು, ಸರಿಯಾದ ಜಾಗ. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಸುಧಾರಣೆ ಇದು. ಮನೆಯಲ್ಲಿ ಎರಡು ಡಬ್ಬಿಯ ಸೆಟ್ಟಿರುವವರು ಇವತ್ತೇ ಮಾಡಿ ನೋಡಬಹುದು.

ಟ್ರ್ಯಾಕ್ಟರ್ ಇಟ್ಟಿರುವ ಮಾವನವರು ತಂದದ್ದು ಗಾಲಿ ಇರುವ ದೊಡ್ಡ ಬ್ಲೂಟೂತ್ ಸ್ಪೀಕರ್. ಭತ್ತ ನಾಟಿ ಮಾಡುವಾಗ ಗದ್ದೆಯ ಬದುವಿನ ಮೇಲೆ ಇಡಲು, ಮಗಳ ಕುಪ್ಪಸದ ಕಾರ್ಯಕ್ಕೆ, ಗಣಪತಿ ಹಬ್ಬಕ್ಕೆ ಅವರಿಗೆ ಬೇಕಾದದ್ದು ಅದೇ. ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹೊಲದಲ್ಲಿ ಕೇಳಿಸಬೇಕಾದ ಸ್ಪೀಕರಿಗೂ ಕೋಣೆಯಲ್ಲಿ ಕೇಳುವ ಸ್ಪೀಕರಿಗೂ ಕೆಲಸವೇ ಬೇರೆ. ಇದು ಮೇಲು, ಅದು ಕೀಳು ಎಂದು ನಮ್ಮ ಕೂಟದಲ್ಲಿ ಯಾರೂ ಅನ್ನುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬಡಿಗೇರರ ಹುಡುಗ ತಾನೇ ಮಾಡಿ ತಂದ ಸ್ಪೀಕರ್ ಜೋಡಿ. ವೂಫರ್, ಟ್ವೀಟರ್ ಬಿಡಿಯಾಗಿ ತರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೋರ್ಡು ತಂದು, ಅಪ್ಪನ ಗರಗಸದಲ್ಲೇ ಹಲಗೆ ಕೊಯ್ದು ಮಾಡಿದ್ದ. ಡಬ್ಬಿಯ ಅಳತೆ ಅವನು ಅಂದಾಜಿಗೆ ಹಾಕಿರಲಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಒಂದು ಲೆಕ್ಕ ಕಟ್ಟಿಕೊಟ್ಟರು. ವೂಫರಿನ ಕೆಲವು ಗುಣಾಂಕ ಗೊತ್ತಿದ್ದರೆ ಡಬ್ಬಿ ಎಷ್ಟು ಲೀಟರ್ ಇರಬೇಕು, ಗಾಳಿಯ ಕೊಳವೆ ಎಷ್ಟು ಉದ್ದ ಇರಬೇಕು ಎಂದು ಮೊದಲೇ ಹೇಳಬಹುದು. ಜಗತ್ತಿನ ಸ್ಪೀಕರ್ ಕಂಪನಿಗಳೆಲ್ಲ ಬಳಸುವ ಆ ಲೆಕ್ಕವನ್ನು ಐ.ಟಿ.ಐ. ಓದಿದ ಹುಡುಗ ದೇಶನೂರಿನಲ್ಲಿ ಕೂತು ಫೋನಿನಲ್ಲಿ ಹಾಕಿದ್ದ. ಅವನ ಡಬ್ಬಿಯ ಮೂಲೆಗಳು ಕಂಪನಿ ಮಾಲಿನಷ್ಟು ನಯವಾಗಿರಲಿಲ್ಲ. ದನಿ ಮಾತ್ರ ಅಕ್ಕನ ಸ್ಪೀಕರಿನ ಪಕ್ಕದಲ್ಲಿಟ್ಟರೂ ತಲೆ ತಗ್ಗಿಸಲಿಲ್ಲ.

ಕೇಳುವ ಕ್ರಮ

ಹೊಸ ಸಾಮಾನು ಬಂದಾಗ ನಾವು ಪಾಲಿಸುವ ಕೆಲವು ಕಟ್ಟಳೆಗಳಿವೆ. ಯಾರು ಬೇಕಾದರೂ ಅನುಸರಿಸಬಹುದು.

ಮೊದಲನೆಯದು, ಬೆಲೆಯನ್ನು ಕೊನೆಗೆ ಹೇಳಬೇಕು. 'ಎಷ್ಟಾತು?' ಎಂಬ ಪ್ರಶ್ನೆ ನಾಲಿಗೆಯ ತುದಿಗೇ ಬಂದಿರುತ್ತದೆ, ತಡೆದುಕೊಳ್ಳಬೇಕು. ಬೆಲೆ ಗೊತ್ತಾದ ಕೂಡಲೇ ಕಿವಿ ಅದಕ್ಕೆ ತಕ್ಕಂತೆ ಕೇಳಲು ಶುರು ಮಾಡುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್, ಷಾನ್ ಆಲಿವ್ ಎಂಬ ಸಂಶೋಧಕರು 40 ಜನರಿಗೆ ಅವೇ ಸ್ಪೀಕರುಗಳನ್ನು ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ಕೊಟ್ಟ ಅಂಕಗಳೂ ಕಾಣದಾಗ ಕೊಟ್ಟ ಅಂಕಗಳೂ ಬೇರೆಬೇರೆಯಾದವು. ಕೇಳಿದವರು ಆಡಿಯೊ ಕಂಪನಿಯೊಂದರ ನೌಕರರು, ಈ ವಿಷಯ ಬಲ್ಲವರು. ಅವರಿಗೇ ಹೀಗಾದ ಮೇಲೆ ನಮ್ಮ ಪಾಡೇನು? ಅದಕ್ಕೇ ನಾವು ಸ್ಪೀಕರುಗಳ ಮುಂದೆ ತೆಳ್ಳನೆಯ ಸೀರೆಯೊಂದನ್ನು ಕಟ್ಟುತ್ತೇವೆ, ಒಬ್ಬ ಹಿಂದೆ ನಿಂತು ಬದಲಾಯಿಸುತ್ತಾ ಹೋಗುತ್ತಾನೆ. ಕೇಳುವವರು 'ಒಂದನೇದು', 'ಎರಡನೇದು' ಎಂದು ಚೀಟಿಯಲ್ಲಿ ಬರೆಯುತ್ತಾರೆ. ಚೀಟಿ ಬಿಚ್ಚಿದಾಗ ಅಗ್ಗದ್ದು ಗೆದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡನೆಯದು, ಎರಡರ ದನಿಯ ಮಟ್ಟವೂ ಒಂದೇ ಇರಬೇಕು. ಯಾವುದರ ದನಿ ತುಸು ಜೋರೋ ಅದೇ ಚೆನ್ನಾಗಿದೆ ಅನ್ನಿಸುವುದು ಮನುಷ್ಯನ ಕಿವಿಯ ಸ್ವಭಾವ. ದನಿ ಸಣ್ಣದಾದಷ್ಟೂ ತಗ್ಗಿನ ಸ್ವರಗಳು ನಮಗೆ ಕಡಿಮೆ ಕೇಳಿಸುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಆದ್ದರಿಂದ ಎರಡು ಸ್ಪೀಕರುಗಳನ್ನು ಹೋಲಿಸುವಾಗ, ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು, ಕೇಳುವ ಜಾಗದಲ್ಲಿ ಫೋನ್ ಇಟ್ಟು, ಎರಡನ್ನೂ ಒಂದೇ ಅಂಕಿಗೆ ತರಬೇಕು. ಫೋನಿನ ಅಂಕಿ ನಿಖರವಾಗಿರಬೇಕೆಂದೇನಿಲ್ಲ, ಎರಡಕ್ಕೂ ಒಂದೇ ಇದ್ದರೆ ಸಾಕು.

ಮೂರನೆಯದು, ನಿಜವಾದ ದನಿ ಹೇಗಿರುತ್ತದೆಂದು ಗೊತ್ತಿರುವ ವಾದ್ಯಗಳನ್ನೇ ಕೇಳಬೇಕು. ಈ ವಿಷಯದಲ್ಲಿ ನಮ್ಮ ಹಳ್ಳಿಯವರು ಪುಣ್ಯವಂತರು. ಬಯಲಾಟದ ಮದ್ದಳೆ, ತಾಳ, ಮುಖವೀಣೆ, ಭಜನೆಯ ಹಾರ್ಮೋನಿಯಂ, ಮೊಹರಂ ಹಬ್ಬದಲ್ಲಿ ಹಿಂದೂ ಮುಸ್ಲಿಮರು ಕೂಡಿ ಕುಣಿಯುವಾಗಿನ ಹಲಿಗೆ, ತಾಷಾ ಇವನ್ನೆಲ್ಲ ಮೈಕು ಇಲ್ಲದೆ, ನಾಲ್ಕು ಮಾರು ದೂರದಿಂದ ಕೇಳಿ ಬೆಳೆದವರು ನಾವು. ಚರ್ಮದ ಮೇಲೆ ಕಡ್ಡಿ ಬಿದ್ದಾಗಿನ ಪೆಟ್ಟು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಪೀಕರಿನಲ್ಲಿ ಹಲಿಗೆಯ ಪೆಟ್ಟು ಮುದ್ದೆಯಾಗಿ ಬಂದರೆ, ತಾಳದ ಕಂಚು ತಗಡಿನಂತೆ ಕೇಳಿದರೆ, ಅದು ಎಷ್ಟೇ ದುಬಾರಿಯಾದರೂ ತಪ್ಪು ತಪ್ಪೇ.

ಪರೀಕ್ಷೆಗೆ ನಾವು ಇಟ್ಟುಕೊಂಡ ಹಾಡುಗಳು ಹೆಚ್ಚೇನಿಲ್ಲ. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನ್ ನುಡಿಸಿದ ಶಹನಾಯಿ ಒಂದು. ಏರಿನ ಸ್ವರ ಕಿವಿ ಇರಿಯುವ ಸ್ಪೀಕರುಗಳು ಇದರಲ್ಲಿ ಸಿಕ್ಕಿಬೀಳುತ್ತವೆ. 1981ರ 'ಗೀತಾ' ಚಿತ್ರದಲ್ಲಿ ಇಳಯರಾಜಾ ಹೆಣೆದ ಬೇಸ್ ಗಿಟಾರ್ ಇನ್ನೊಂದು. ಅದರ ಒಂದೊಂದು ಸ್ವರವೂ ಬೇರೆಯಾಗಿ ಕೇಳಬೇಕು, ಬರೀ ಧಂಧಂ ಅನ್ನಬಾರದು. ಗಂಡು ದನಿಗೆ ಸಿ. ಅಶ್ವಥ್ ಅವರು ಹಾಡಿದ ಶರೀಫರ ಪದಗಳು. ಎದೆಯಿಂದ ಏಳುವ ಆ ದನಿಯಲ್ಲಿ ಗಂಟಲಿನ ಒರಟು ಉಳಿಯಬೇಕು, ಮಾತು ಸ್ಪಷ್ಟವಾಗಿರಬೇಕು. ಈ ಮೂರರಲ್ಲಿ ಪಾಸಾದದ್ದು ಹೆಚ್ಚುಕಡಿಮೆ ಎಲ್ಲದರಲ್ಲೂ ಪಾಸಾಗುತ್ತದೆ.

ಡಬ್ಬಿಯ ಮೇಲಿನ ಅಂಕಿ

ರಿಪೇರಿಯವನಾಗಿ ಓದುಗರಿಗೆ ಒತ್ತಿ ಹೇಳಬೇಕಾದ ಮಾತೊಂದಿದೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 'ಪಿಎಂಪಿಒ' ವ್ಯಾಟನ್ನು ನಂಬಬೇಡಿ. ಆ ಅಂಕಿಗೆ ಯಾವ ಗಟ್ಟಿ ಅಳತೆಗೋಲೂ ಇಲ್ಲ. ನೋಡಬೇಕಾದದ್ದು 'ಆರ್‌ಎಂಎಸ್' ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಅದನ್ನೂ ಬರೆದಿಲ್ಲದಿದ್ದರೆ ಕರೆಂಟು ಕೊಡುವ ಅಡಾಪ್ಟರನ್ನು ತಿರುಗಿಸಿ ಓದಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ, 24 ವ್ಯಾಟ್. ಗೋಡೆಯಿಂದ 24 ವ್ಯಾಟ್ ತೆಗೆದುಕೊಂಡು ಸ್ಪೀಕರಿಗೆ ನಿರಂತರವಾಗಿ ಸಾವಿರ ವ್ಯಾಟ್ ಕೊಡುವ ಯಂತ್ರ ಭೂಮಿಯ ಮೇಲಿಲ್ಲ.

ಇನ್ನು ವ್ಯಾಟ್ ಹೆಚ್ಚಾದಷ್ಟೂ ಸದ್ದು ಅಷ್ಟೇ ಹೆಚ್ಚುತ್ತದೆ ಎಂಬುದೂ ಸರಿಯಲ್ಲ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬಲ್, ಕಿವಿಗೆ ಅದು ಸ್ವಲ್ಪ ಜೋರು ಅನ್ನಿಸುತ್ತದೆ ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರಿನ 'ಸೆನ್ಸಿಟಿವಿಟಿ' ಎಂಬ ಅಂಕಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ 90 ಡೆಸಿಬಲ್ ಕೊಡುವ ಸ್ಪೀಕರು, 84 ಡೆಸಿಬಲ್ ಕೊಡುವುದಕ್ಕಿಂತ ನಾಲ್ಕು ಪಟ್ಟು ಕಡಿಮೆ ವ್ಯಾಟಿನಲ್ಲಿ ಅಷ್ಟೇ ಸದ್ದು ಮಾಡುತ್ತದೆ. ಹತ್ತಡಿಗೆ ಹನ್ನೆರಡಡಿ ಕೋಣೆಯಲ್ಲಿ ಹಾಡು ಕೇಳಲು ನಿಜವಾದ 20 ವ್ಯಾಟ್ ಧಾರಾಳ.

ಬ್ಲೂಟೂತ್ ಬಗ್ಗೆಯೂ ಕೇಳುತ್ತಾರೆ. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಹರಿಯುತ್ತದೆ. ಬ್ಲೂಟೂತ್ ಅದನ್ನು ಹಿಂಡಿ ಕಳಿಸುತ್ತದೆ. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಪದ್ಧತಿಯಲ್ಲಿ ಸಾಮಾನ್ಯವಾಗಿ 328ರವರೆಗೆ, ಸೋನಿಯವರ ಎಲ್‌ಡಿಎಸಿಯಲ್ಲಿ 990ರವರೆಗೆ. ಅಡ್ಡಾಡುತ್ತ, ಕೆಲಸ ಮಾಡುತ್ತ ಕೇಳುವಾಗ ಈ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅದಕ್ಕಿಂತ ದೊಡ್ಡ ವಿಚಾರ ಬಾಳಿಕೆಯದು. ಇಯರ್‌ಬಡ್ಸ್ ಒಳಗಿನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಹೆಚ್ಚಿನವನ್ನು ಬಿಚ್ಚಿ ಬದಲಾಯಿಸಲು ಬರುವುದಿಲ್ಲ. ವೈರಿನ ಹೆಡ್‌ಫೋನಿನಲ್ಲಿ ಹಾಳಾಗುವುದು ಬಹುತೇಕ ವೈರು, ಪಿನ್ನು, ಮೆತ್ತೆ, ಮೂರನ್ನೂ ಬದಲಾಯಿಸಬಹುದು. 1991ರಿಂದ ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ ದುಡಿಯುತ್ತಿರುವ ಸೋನಿಯ ಎಂಡಿಆರ್-7506ಕ್ಕೆ ಇಂದಿಗೂ ಬಿಡಿಭಾಗ ಸಿಗುತ್ತದೆ. ಹತ್ತು ವರ್ಷ ಬಾಳಲಿ ಎನ್ನುವವರು ವೈರಿನದನ್ನೇ ಕೊಳ್ಳಲಿ ಎಂಬುದು ನನ್ನ ಸಲಹೆ.

ಗೋಡೆ, ಫ್ಯಾನು, ಕೌದಿ

ನಮ್ಮ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹಾಡು ಮೃದುವಾಗಿ ಕೇಳುತ್ತಿತ್ತು. ಈಗಿನ ಆರ್‌ಸಿಸಿ ಮನೆಗಳಲ್ಲಿ ನೆಲಕ್ಕೆ ಗ್ರಾನೈಟು, ಗೋಡೆಗೆ ನುಣುಪು ಬಣ್ಣ. ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ ಬರುತ್ತದೆ. ಇಂಥ ಕೋಣೆಯಲ್ಲಿ ಎಷ್ಟು ದುಬಾರಿ ಸ್ಪೀಕರ್ ಇಟ್ಟರೂ ಗೋಡೆಯ ಮರುದನಿ ಹಾಡಿನ ಜೊತೆ ಕಲೆಸಿಕೊಳ್ಳುತ್ತದೆ. ಇದಕ್ಕೆ ಮದ್ದು ನಮ್ಮ ಅಟ್ಟದ ಮೇಲೇ ಇದೆ. ಅಜ್ಜಿಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಗಳನ್ನು ಸ್ಪೀಕರಿನ ಎರಡೂ ಬದಿಯ ಗೋಡೆಗೆ ತೂಗುಹಾಕಿ. ನೆಲಕ್ಕೊಂದು ಜಮಖಾನ ಹಾಸಿ. ಹತ್ತಿಯ ಗಾದಿ ಇದ್ದರೆ ಮೂಲೆಯಲ್ಲಿ ನಿಲ್ಲಿಸಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಅಕ್ಕನ ಮನೆಯಲ್ಲಿ ಕೌದಿ ಕಟ್ಟಿದ ಮೇಲೆ, ಹಾಡಿನ ಸಾಹಿತ್ಯ ಮೊದಲ ಸಲ ಪೂರ್ತಿ ಅರ್ಥವಾಯಿತು ಎಂದು ಅವರ ತಾಯಿ ಹೇಳಿದರು.

ಬೇಸಿಗೆಯಲ್ಲಿ ಬಳ್ಳಾರಿ ಸೀಮೆಯಲ್ಲಿ ಫ್ಯಾನಿಲ್ಲದೆ ಕೂರಲಾಗದು. ಫ್ಯಾನಿನ ಸದ್ದು ಹಾಡಿನ ಸೂಕ್ಷ್ಮಗಳನ್ನು ಮುಚ್ಚಿಹಾಕುತ್ತದೆ, ಅದನ್ನು ಮೀರಿಸಲೆಂದು ನಾವು ದನಿ ಏರಿಸುತ್ತೇವೆ. ಬೆಳಗಿನ ಜಾವ ಅಥವಾ ರಾತ್ರಿ ಊಟವಾದ ಮೇಲೆ ಫ್ಯಾನನ್ನು ನಿಧಾನಕ್ಕಿಟ್ಟು ಕೇಳಿದರೆ ಅದೇ ಸೆಟ್ಟು ಹೊಸದೆನ್ನಿಸುತ್ತದೆ. ಕರೆಂಟು ಹೋದಾಗ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿದರೆ ಇನ್ವರ್ಟರ್ ಯಾವ ಬಗೆಯದೆಂದು ನೋಡಿ. ಚೌಕ ಅಲೆಯ ಅಗ್ಗದ ಇನ್ವರ್ಟರುಗಳಲ್ಲಿ ಈ ಗುಂಯ್ ಸಾಮಾನ್ಯ, ಸೈನ್ ಅಲೆಯದರಲ್ಲಿ ಅದು ಬಹಳ ಮಟ್ಟಿಗೆ ಇರುವುದಿಲ್ಲ.

ಕಿವಿಯ ಲೆಕ್ಕ

ಆಂಪ್ಲಿಫೈಯರ್ ಸುಟ್ಟರೆ ನಾನು ಸರಿ ಮಾಡಿಕೊಡಬಲ್ಲೆ. ಕೋನು ಹರಿದರೆ ಹೊಸದು ಕೂರಿಸಬಲ್ಲೆ. ಕಿವಿಯೊಳಗಿನ ಶಂಖದಲ್ಲಿ ಸದ್ದನ್ನು ನರಕ್ಕೆ ಮುಟ್ಟಿಸುವ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೇಳುವ ಹವ್ಯಾಸದವರು ಎಲ್ಲರಿಗಿಂತ ಮೊದಲು ಇದನ್ನು ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಯುವಜನರು ಜೋರಾಗಿ ಕೇಳುವ ಅಭ್ಯಾಸದಿಂದ ಕಿವಿ ಕೆಡಿಸಿಕೊಳ್ಳುವ ಅಪಾಯದಲ್ಲಿದ್ದಾರೆ. ಅದು ಕೊಟ್ಟಿರುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮಕ್ಕಳಿಗೆ 75 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಸಬೇಕು. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. ಇದು ಇಡೀ ವಾರದ ಲೆಕ್ಕ. ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುವವರ ಕಿವಿ ಕೆಲಸದ ಹೊತ್ತಿನಲ್ಲೇ ತನ್ನ ಪಾಲು ಖರ್ಚು ಮಾಡಿಕೊಂಡಿರುತ್ತದೆ. ಅವರು ಮನೆಗೆ ಬಂದು ಇನ್ನೂ ಸಣ್ಣ ದನಿಯಲ್ಲಿ ಕೇಳಬೇಕು. ಹೊರಗಿನ ಸದ್ದು ತಡೆಯುವ ಹೆಡ್‌ಫೋನಿನ ನಿಜವಾದ ಉಪಕಾರವೂ ಇಲ್ಲೇ ಇದೆ. ಬಸ್ಸಿನ ಗದ್ದಲ ತಗ್ಗಿದರೆ ಹಾಡಿನ ದನಿಯನ್ನೂ ತಗ್ಗಿಸಬಹುದು. ಹಾಡು ನಿಲ್ಲಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಆವತ್ತು ಹೆಚ್ಚಾಯಿತೆಂದೇ ಅರ್ಥ. ಅದು ಹೋಗದೆ ಉಳಿದರೆ ಕಿವಿ ಡಾಕ್ಟರನ್ನು ಕಾಣಿರಿ.

ನೆರೆಯವರ ಕಿವಿಯೂ ಕಿವಿಯೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಇರುವಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳ ಡಿ.ಜೆ. ಸದ್ದಿಗೆ ಎದೆ ನಡುಗುವ ಮುದುಕರನ್ನೂ ಬೆಚ್ಚಿಬೀಳುವ ಹಸುಗೂಸುಗಳನ್ನೂ ನಾನು ಕಂಡಿದ್ದೇನೆ. ಒಳ್ಳೆಯ ದನಿಯನ್ನು ಪ್ರೀತಿಸುವವರು ಇದರ ವಿರುದ್ಧ ಮೊದಲು ಮಾತಾಡಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ನೀವು ಕುರುಗೋಡಿನಲ್ಲಿರಿ, ತೆಕ್ಕಲಕೋಟೆಯಲ್ಲಿರಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರಿ, ಹೊಸ ಹೆಡ್‌ಫೋನೋ ಸ್ಪೀಕರೋ ಕೊಂಡರೆ ಅದರ ಫೋಟೊ ಮತ್ತು ಬೆಲೆಯನ್ನು ಹಂಚಿ ಅಷ್ಟಕ್ಕೇ ನಿಲ್ಲಬೇಡಿ. ಗೆಳೆಯರನ್ನು ಮನೆಗೆ ಕರೆದು ಕೇಳಿಸಿ. ಚೆನ್ನಾಗಿಲ್ಲ ಅನ್ನಿಸಿದ್ದನ್ನೂ ಬಿಚ್ಚಿ ಹೇಳಿ, ನಿಮ್ಮ ಹಿಂದೆ ಕೊಳ್ಳುವವನಿಗೆ ಅದೇ ದಾರಿ ತೋರಿಸುತ್ತದೆ. ಹೊಸದು ಬಂದಾಗ ಹಳೆಯದನ್ನು ಮೂಲೆಗೆ ಹಾಕದೆ ಓದುವ ಹುಡುಗರಿಗೋ ಭಜನಾ ಮಂಡಳಿಗೋ ಕೊಡಿ. ಕೆಟ್ಟಿದ್ದರೆ ಊರಿನ ರಿಪೇರಿಯವರಿಗೆ ಒಮ್ಮೆ ತೋರಿಸಿ, ಅರ್ಧಕ್ಕರ್ಧ ಒಂದು ವೈರಿನ ಬೆಸುಗೆಯಲ್ಲೇ ಸರಿಹೋಗುತ್ತವೆ. ಮತ್ತೆ ದನಿಯನ್ನು ಒಂದು ಗೆರೆ ಕೆಳಗೇ ಇಡಿ. ಕೊಂಡ ಸಾಮಾನು ಹತ್ತು ವರ್ಷಕ್ಕೆ ಬದಲಾಗಬಹುದು, ಅದನ್ನು ಕೇಳುವ ಕಿವಿ ಬದುಕಿನ ಕೊನೆಯವರೆಗೂ ಬೇಕು.